ಉದ್ರಿಯ ಉರುಳು

ಪೇಟೆ ಬಿದ್ದಾಗ, ಮಳೆ ಕೈಕೊಟ್ಟಾಗ, ರೋಗ ಬಂದು ಊರಿಗೆ ಊರೇ ಮುಚ್ಚಿದಾಗ, ಸಣ್ಣ ಉದ್ಯಮಗಾರನಿಗೆ ಬುದ್ಧಿ ಹೇಳುವವರ ಸುಗ್ಗಿಯು ಆರಂಭವಾಗುವದು. ಖರ್ಚು ಕಡಿಮೆ ಮಾಡು ಎನ್ನುವರು. ಹೊಸ ಯಂತ್ರ ತಾ ಎನ್ನುವರು. ಕಾಲಕ್ಕೆ ತಕ್ಕಂತೆ ಕುಣಿಯಲು ಕಲಿ ಎನ್ನುವರು. ಈ ಉಪದೇಶಕರಲ್ಲಿ ಅನೇಕರು ಅವನಿಗೆ ತಾವೇ ಕೊಡತಕ್ಕ ಬಾಕಿಯನ್ನು ಕಿಸೆಯಲ್ಲಿಟ್ಟುಕೊಂಡೇ ಈ ಮಾತನ್ನಾಡುತ್ತಿರುವರೆಂಬುದನ್ನು ವಾಚಕರ ಗಮನಕ್ಕೆ ತರುವದು ಈ ಲೇಖದ ಉದ್ದೇಶವು.

ನಮ್ಮ ವಕೀಲಿ ಕಚೇರಿಗೆ ಲೇಥ್ ಕಾರ್ಖಾನೆಯ ಯಜಮಾನರೊಬ್ಬರು ತಮ್ಮ ಖತಾವಣಿಯನ್ನು ಬಗಲಲ್ಲಿಟ್ಟುಕೊಂಡು ಬಂದರು. ಕೆಲಸಕ್ಕೆ ಕೊರತೆಯಿರಲಿಲ್ಲ, ಮಾಲಿನಲ್ಲಿ ಕುಂದಿರಲಿಲ್ಲ. ಪುಸ್ತಕದಲ್ಲಿ ಲಾಭವೂ ಇತ್ತು. ಇಲ್ಲದಿದ್ದುದು ರೋಖ ಹಣ ಮಾತ್ರ. ಮುಂದಿನ ತಿಂಗಳು ಅವರು ಬಾಗಿಲಿಗೆ ಬೀಗ ಹಾಕಿದರು. ನಷ್ಟದಿಂದ ಮುಚ್ಚುವ ಅಂಗಡಿಗಳು ಲೋಕದಲ್ಲಿ ಉಂಟು. ಲಾಭವನ್ನು ಬರೆದಿಟ್ಟುಕೊಂಡೇ ಉದ್ರಿಯಿಂದ ಉಸಿರುಗಟ್ಟಿ ಸಾಯುವವು ಎಷ್ಟೆಂಬುದನ್ನು ನಾವು ಯೋಚಿಸುವದಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಬೆಳಗಾವಿಯ ಉದ್ಯಮಬಾಗದ ಎರಕದವನೊಬ್ಬನು 2 ಲಕ್ಷ ರೂಪಾಯಿಯ ಮಾಲನ್ನು ದೊಡ್ಡ ಕಂಪನಿಗೆ ಕಳಿಸಿದನೆಂದು ತಿಳಿಯಿರಿ. ಕಬ್ಬಿಣ, ವಿದ್ಯುತ್ತು, ಕೂಲಿ ಕೂಡಿ ಅವನಿಗೆ ಬಿದ್ದ ಖರ್ಚು 1,80,000. ಉಳಿಯತಕ್ಕ ಲಾಭ 20,000. ಶೇಕಡಾ 18ರ ಜಿ.ಎಸ್.ಟಿ. 36,000. ಈ ಕರವನ್ನು ಕಬ್ಬಿಣ ಕೊಳ್ಳುವಾಗ ಒಂದಿಷ್ಟು ತೆತ್ತು, ಮಿಕ್ಕುದನ್ನು ಮುಂದಿನ ತಿಂಗಳ 20ನೆಯ ತಾರೀಖಿಗೆ ಸರಕಾರಕ್ಕೆ ಕಟ್ಟಬೇಕು. ಗಿರಾಕಿಯಿಂದ ಹಣ ಬಂದಿದೆಯೋ ಇಲ್ಲವೋ, ಸರಕಾರವು ಕೇಳುವದಿಲ್ಲ. ಹೀಗೆ ಅವನ ಕೈಯಿಂದ ಹೋದುದು 2,16,000. ಕಂಪನಿಯು ನಾಲ್ಕು ತಿಂಗಳು ತಡೆದು ಕೊಟ್ಟಿತು. ಅಷ್ಟರವರೆಗೆ ನೂರಕ್ಕೆ ತಿಂಗಳಿಗೆ ಎರಡರಂತೆ ಸಾಲ ಎತ್ತಿದರೆ ಬಡ್ಡಿ 17,280. ಇಪ್ಪತ್ತು ಸಾವಿರದ ಲಾಭದಲ್ಲಿ ಉಳಿದುದು 2,720 ರೂಪಾಯಿ! ಐದನೆಯ ತಿಂಗಳಿಗೆ ದಾಟಿದರೆ ಅದೂ ಇಲ್ಲ. ಇಂಥವನಿಗೆ ಖರ್ಚು ಕಡಿಮೆ ಮಾಡೆಂದು ಹೇಳುವವರು ಯಾವ ಖರ್ಚನ್ನೆಂಬುದನ್ನೂ ಹೇಳಬೇಕು. ಕೂಲಿಯವನ ಹೊಟ್ಟೆಯನ್ನೇ?

‘ಇದು ವ್ಯಾಪಾರದ ರೀತಿ, ಹಿಂದಿನಿಂದ ನಡೆದು ಬಂದುದು’ ಎಂದು ಸಮಾಧಾನ ಹೇಳುವವರುಂಟು. ಉದ್ರಿಯು ಹಿಂದೆಯೂ ಇತ್ತು, ಅಹುದು. ಆಗ ಉದ್ರಿ ಕೊಡುತ್ತಿದ್ದವನು ಸಾವಕಾರನು, ಪಡೆಯುತ್ತಿದ್ದವನು ಬಡವನು. ಈಗ ಬಡವನೇ ಸಾವಕಾರನಾಗಿದ್ದಾನೆ. ಕೋಟಿಗಟ್ಟಲೆ ವಹಿವಾಟಿನ ಕಂಪನಿಗೆ ಹತ್ತು ಆಳಿನ ಕಾರ್ಖಾನೆಯವನು ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದಾನೆ. ಇದಕ್ಕೆ ರೀತಿಯೆಂದು ಹೆಸರಿಡುವದು ನಮ್ಮಿಂದಾಗದು.

ಕಾಯದೆಯು ಇಲ್ಲವೆಂದಲ್ಲ. 2006ರ ಕಾಯದೆಯ 15ನೆಯ ಕಲಮಿನಂತೆ, ಬರವಣಿಗೆಯ ಕರಾರು ಇದ್ದರೂ 45 ದಿನಗಳನ್ನು ಮೀರುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಝರ್ವ್ ಬ್ಯಾಂಕಿನ ಬ್ಯಾಂಕು ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ರಾಜ್ಯದ ಸೌಲಭ್ಯ ಮಂಡಳಿಯು ದೂರನ್ನು 90 ದಿನಗಳಲ್ಲಿ ತೀರಿಸತಕ್ಕದ್ದು. ಆ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಸಾಲಗಾರನು ಮೊದಲು ನೂರಕ್ಕೆ 75ರಷ್ಟು ಹಣವನ್ನು ಠೇವಣಿಯಿಡಬೇಕು. ಇಷ್ಟು ಹರಿತವಾದ ಕತ್ತಿಯು ಒರೆಯಲ್ಲೇ ತುಕ್ಕು ಹಿಡಿಯುತ್ತಿರುವದೇಕೆ? ಭಯದಿಂದ. ದೂರು ಕೊಟ್ಟವನಿಗೆ ಮರುದಿನ ಕೆಲಸವಿಲ್ಲ. 2024ರ ಏಪ್ರಿಲ್‌ನಿಂದ ಆದಾಯಕರದ ಕಾಯದೆಯೂ ಬಿಗಿಯಾಯಿತು: ಮುದ್ದತು ಮೀರಿ ಬಾಕಿಯುಳಿದ ಹಣವನ್ನು, ಸಲ್ಲಿಸುವ ತನಕ, ಖರ್ಚೆಂದು ತೋರಿಸುವಂತಿಲ್ಲ. ಆಗ ಕೆಲವು ಗಿರಾಕಿಗಳು ಬಾಕಿ ತೀರಿಸುವ ಬದಲು, ನೋಂದಣಿಯಾಗದವರ ಕಡೆಗೆ ತಿರುಗುವೆವೆಂದು ಬೆದರಿಸಿದರೆಂಬ ದೂರುಗಳು ಕೇಳಿಬಂದವು. ಕಿರಾಣಿ ಅಂಗಡಿಕಾರನ ಪಾಡಂತೂ ಇನ್ನೂ ಕಷ್ಟ. 2021ರಲ್ಲಿ ಅವನಿಗೆ ಉದ್ಯಮ್ ನೋಂದಣಿಯನ್ನು ಕೊಟ್ಟರು, ಆದರೆ ಬ್ಯಾಂಕಿನ ಆದ್ಯತೆಯ ಸಾಲಕ್ಕೆ ಮಾತ್ರ; 45 ದಿನಗಳ ರಕ್ಷಣೆಯು ಅವನಿಗಿಲ್ಲ.

ಸಂಕಟಕಾಲದ ಸಹಾಯವು ಹೇಗೆ ಹಂಚಲ್ಪಡುವದೆಂಬುದನ್ನು 2020ರಲ್ಲಿಯೇ ಕಂಡೆವು. ಆ ಮೇ ತಿಂಗಳಲ್ಲಿ 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲಕ್ಕೆ ಕೇಂದ್ರ ಸರಕಾರವು ಜಾಮೀನು ನಿಂತಿತು. ಇದರಿಂದ ಬದುಕಿದವರು ಅನೇಕರು; ಅದನ್ನು ಅಲ್ಲಗಳೆಯಲಾರೆವು. ಆದರೆ ಆ ಸಾಲವು ಮೊದಲೇ ಬ್ಯಾಂಕಿನ ಸಾಲವುಳ್ಳವರಿಗೆ, ಅದರ ಪ್ರಮಾಣದಂತೆ. ಇಳಕಲ್ಲಿನಲ್ಲಿಯೋ ಗುಳೇದಗುಡ್ಡದಲ್ಲಿಯೋ ಕೈಸಾಲದಿಂದ ಮಗ್ಗ ನಡೆಸುವವನಿಗೆ ಬ್ಯಾಂಕಿನ ಖಾತೆಯಲ್ಲಿ ಸಾಲವೇ ಇಲ್ಲದಿರುವಾಗ ಅದರ ಪ್ರಮಾಣವೆಲ್ಲಿಂದ ಬರಬೇಕು?

ಆದಕಾರಣ ಒಂಟಿ ಮನುಷ್ಯನಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ, ಸಂಘ ಬೇಕು. 1904ರಲ್ಲಿ ಸಹಕಾರದ ಕಾಯದೆಯಾದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಪತ್ತಿನ ಸಂಘವನ್ನು ಕಟ್ಟಿದರು. ಬಡ್ಡಿಯವನ ಮುಂದೆ ಒಬ್ಬೊಬ್ಬನಾಗಿ ನಿಂತಾಗ ತಲೆಯೆತ್ತದವರು ಕೂಡಿ ನಿಂತು ಎತ್ತಿದರು. ಇಂದಿನ ಕೈಗಾರಿಕಾ ವಸಾಹತುಗಳಲ್ಲಿ ಸಂಘಗಳಿಗೆ ಬರಗಾಲವಿಲ್ಲ. ಸತ್ಕಾರ ಸಮಾರಂಭಗಳಿಗೂ ಇಲ್ಲ. ತಗಾದೆಯ ಕಾಗದವು ಒಬ್ಬನ ಹೆಸರಿನಿಂದ ಹೋಗದೆ ಸಂಘದ ಹೆಸರಿನಿಂದ ಹೋಗಲಿ. ಬಾಕಿ ಇಡುವವರ ಯಾದಿಯು ಸದಸ್ಯರೆಲ್ಲರಿಗೂ ತಿಳಿದಿರಲಿ. ಹಳೆಯ ಹುಂಡಿಯಂತೆ ಬಿಲ್ಲಿಗೆ ವಟ್ಟ ಕಳೆದು ಮುಂಗಡ ಹಣ ದೊರಕಿಸುವ ಟ್ರೆಡ್ಸ್ ವ್ಯವಸ್ಥೆಯಲ್ಲಿ 250 ಕೋಟಿಗೂ ಮೀರಿದ ವಹಿವಾಟಿನ ಕಂಪನಿಗಳು ಹೆಸರು ನೋಂದಿಸಬೇಕೆಂದು 2024ರಲ್ಲಿ ಆಜ್ಞೆಯಾಗಿದೆ. ಹೆಸರು ನೋಂದಿಸಿದ ಕಂಪನಿಯು ಬಿಲ್ಲನ್ನು ಒಪ್ಪದೆ ಕುಳಿತರೆ ಒಪ್ಪಿಸುವ ಬಲವೂ ಸಂಘಕ್ಕೇ ಬರಬೇಕು.

ಉದ್ಯಮಗಾರನು ತಾನೂ ಮಾಡತಕ್ಕುದು ಉಂಟು. ಮಾಲು ಕಳಿಸುವ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿರಬೇಕು. ಅದಕ್ಕೆ ಬಿಡಿಗಾಸಿನ ಖರ್ಚಿಲ್ಲ. ವ್ಯಾಜ್ಯ ಹುಟ್ಟಿದ ಮೇಲೆ ನೋಂದಣಿಗೆ ಓಡಿಬರುವವರನ್ನು ಕಂಡು ನಮಗೆ ಮರುಕವಾಗುತ್ತದೆ. ಪಾವತಿಯ ತಾರೀಖನ್ನು ಬಿಲ್ಲಿನ ಮೇಲೆಯೇ ಬರೆಯಬೇಕು, ಮಾಲು ಮುಟ್ಟಿದುದಕ್ಕೆ ಸಹಿ ಪಡೆಯಬೇಕು. ಒಬ್ಬನೇ ಗಿರಾಕಿಯನ್ನು ನೆಚ್ಚಿ ಕಾರ್ಖಾನೆಯನ್ನೆಲ್ಲ ಅವನ ಬಾಗಿಲಿಗೆ ಕಟ್ಟಬಾರದು.

ಇನ್ನು ನಮ್ಮ ಮಾತು. ಕಂಪನಿಗಳನ್ನು ಬೈದು ಕೈ ತೊಳೆದುಕೊಳ್ಳುವ ನಾವು ಪಟ್ಟಣಿಗರು ದರ್ಜಿಯನ್ನು ಎಷ್ಟು ಸಲ ‘ನಾಳೆ ಬಾ’ ಎಂದು ಕಳಿಸಿಲ್ಲ? ಶಾಲೆಯ ಉತ್ಸವಕ್ಕೆ ಪೆಂಡಾಲು ಹಾಕಿದವನು, ಬೆಂಚು ಮಾಡಿದ ಬಡಿಗನು ಆಡಳಿತ ಕಮಿಟಿಯ ಬಾಗಿಲನ್ನು ಎಷ್ಟು ತಿಂಗಳು ಸವೆಸಬೇಕು? ಮಾಸ್ತರರು ಮನಸ್ಸು ಮಾಡಿದರೆ ಕಮಿಟಿಯ ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಬಾಕಿ ಬಿಲ್ಲುಗಳ ಯಾದಿಯನ್ನು ಓದಿಸಬಹುದು. ಇದನ್ನು ಬರೆಯುತ್ತಿರುವಾಗ ನಮ್ಮ ಮೇಜಿನ ಖಾನೆಯಲ್ಲಿಯೂ ಮುದ್ರಕನೊಬ್ಬನ ಮೂರು ತಿಂಗಳ ಹಿಂದಿನ ಬಿಲ್ಲೊಂದು ಸಿಕ್ಕಿತು. ಲೇಖವನ್ನು ಅರ್ಧಕ್ಕೆ ನಿಲ್ಲಿಸಿ ಅದನ್ನು ಸಲ್ಲಿಸಿ ಬಂದೆವು.