ಆಟದಿಂದ ಮಿತವ್ಯಯ

ಪರಮಪದ ಸೋಪಾನಪಟವನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಸದ್ಗುಣಕ್ಕೆ ಏಣಿ, ದುರ್ಗುಣಕ್ಕೆ ಹಾವು. ಆಡುತ್ತಾಡುತ್ತಲೇ ನೀತಿಯು ಮಕ್ಕಳ ಮನಸ್ಸಿನಲ್ಲಿ ನೆಲೆಯೂರುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ಯನ್ನು ಮೀಸಲಿಟ್ಟರು. ವಿನೋದಕ್ಕಿಂತ ಶಿಕ್ಷಣವೇ ಮುಖ್ಯವಾದ ಇಂತಹ ಆಟಗಳನ್ನು ಕುರಿತು ಅಮೆರಿಕದ ಕ್ಲಾರ್ಕ್ ಆಬ್ಟ್ 1970ರಲ್ಲಿ ಒಂದು ಗ್ರಂಥವನ್ನೇ ಬರೆದರು. ನಮಗೆ ಇದು ಹೊಸ ವಿಚಾರವೇನಲ್ಲ. ವಿದ್ಯುತ್ತಿನ ಮಿತವ್ಯಯವನ್ನು ಕಲಿಸಲು ಇದೇ ಉಪಾಯವನ್ನು ಏಕೆ ಬಳಸಬಾರದು?

ಈಗ ಇದರ ಅಗತ್ಯವೂ ಹೆಚ್ಚಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಂತೆ, ತಿಂಗಳಿಗೆ 200 ಯೂನಿಟ್ಟುಗಳನ್ನು ಮೀರದ ಹಾಗೆ, ಹಿಂದಿನ ಸರಾಸರಿಯನ್ನಾಧರಿಸಿ ಗೊತ್ತುಪಡಿಸಿದ ಪ್ರಮಾಣದವರೆಗೆ ಮನೆಗಳು ಹಣ ತೆರಬೇಕಾಗಿಲ್ಲ. ಬಡವರಿಗೆ ಇದು ದೊಡ್ಡ ಆಸರೆ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಬಿಲ್ಲಿನಲ್ಲಿ ಸೊನ್ನೆ ಕಂಡ ಮನೆಗೆ ಮಿತವ್ಯಯವನ್ನು ನೆನಪಿಸುವವರು ಯಾರು? ನಮ್ಮ ಜಿಲ್ಲೆಯಲ್ಲೇ ಲಿಂಗನಮಕ್ಕಿ ಜಲಾಶಯಕ್ಕಾಗಿ 1960ರ ದಶಕದಲ್ಲಿ ಎಷ್ಟೋ ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ನೀರಿಗೆ ಒಪ್ಪಿಸಿದವು. ಶುಲ್ಕವಿಲ್ಲದ ವಿದ್ಯುತ್ತಿಗೂ ಬೆಲೆಯುಂಟು.

ಆನವಟ್ಟಿಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಹೀಗೆ ಆಡಬಹುದು. ಮೊದಲ ವಾರ ದಿನವೂ ರಾತ್ರಿ 8 ಗಂಟೆಗೆ ಮೀಟರಿನ ಅಂಕಿಯನ್ನು ಬರೆದಿಟ್ಟು, ದಿನದ ಸರಾಸರಿಯನ್ನು ತೆಗೆಯಿರಿ. ಅನಂತರ 30 ಮನೆಗಳ ಪಟವೊಂದನ್ನು ಬರೆಯಿರಿ. ಸರಾಸರಿಗಿಂತ ಬಳಕೆ ಕಡಮೆಯಾದ ದಿನ ಕಾಯಿ ಒಂದು ಮನೆ ಮುಂದಕ್ಕೆ. ಹೆಚ್ಚಾದ ದಿನ ಒಂದು ಮನೆ ಹಿಂದಕ್ಕೆ. ವ್ಯರ್ಥವಾಗುತ್ತಿರುವ ಬಳಕೆಯೊಂದನ್ನು ಕಂಡುಹಿಡಿದು ನಿಲ್ಲಿಸಿದವರಿಗೆ ಏಣಿ. 75 ವಾಟಿನ ಫ್ಯಾನು ಖಾಲಿ ಕೋಣೆಯಲ್ಲಿ ದಿನಕ್ಕೆ 8 ಗಂಟೆ ತಿರುಗಿದರೆ 0.6 ಯೂನಿಟ್ಟು, 30 ದಿನಗಳಲ್ಲಿ 18 ಯೂನಿಟ್ಟು ವ್ಯಯವಾಗುತ್ತದೆ. ಅದೇ 18 ಯೂನಿಟ್ಟಿನಲ್ಲಿ 9 ವಾಟಿನ ಎಲ್‌ಇಡಿ ದೀಪವು 2,000 ಗಂಟೆ ಬೆಳಗಬಲ್ಲದು! ಲೆಕ್ಕವು ಕೈಗೆ ಸಿಕ್ಕಾಗ ಉಪದೇಶ ಬೇಕಾಗುವುದಿಲ್ಲ.

ಆಟ ಮುಗಿದೊಡನೆ ಉತ್ಸಾಹವೂ ಮುಗಿಯುವುದೆಂದು ಕೆಲವರು ಹೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದುದರಿಂದ ಬಹುಮಾನದ ಆಸೆ ಬೇಡ. ಕೋಣೆ ಬಿಡುವಾಗ ಸ್ವಿಚ್ಚಿನತ್ತ ಕೈ ತಾನಾಗಿ ಹೋಗುವುದೇ ಬಹುಮಾನವಾಗಲಿ. ನೆರೆಮನೆಯೊಡನೆ ಸ್ಪರ್ಧೆಯೂ ಬೇಡ. ನಾಲ್ವರ ಮನೆಗೂ ಹತ್ತು ಮಂದಿಯ ಮನೆಗೂ ಒಂದೇ ಅಳತೆಗೋಲು ಸಲ್ಲದು. ಬೇಸಗೆಯ ವಾರವನ್ನು ಮಳೆಗಾಲದ ವಾರದೊಡನೆ ಹೋಲಿಸುವುದೂ ತಪ್ಪು. ಋತು ಬದಲಾದಾಗ ಸರಾಸರಿಯನ್ನು ಹೊಸದಾಗಿ ತೆಗೆಯಬೇಕು. ರೋಗಿಯ ಫ್ಯಾನು, ಓದುವವರ ದೀಪ, ಅಡುಗೆಮನೆಯಲ್ಲಿ ದುಡಿಯುವ ತಾಯಿಯ ಮಿಕ್ಸಿ ಇವುಗಳ ಮೇಲೆ ಯಾರೂ ಕಣ್ಣಿಡತಕ್ಕದ್ದಲ್ಲ. ನಿಲ್ಲಬೇಕಾದುದು ಅಪವ್ಯಯ, ಅನುಕೂಲವಲ್ಲ.

ಹಳೆಯ ಪಟದಲ್ಲಿ ಏಣಿಯೋ ಹಾವೋ ಎಂಬುದನ್ನು ದಾಳವು ನಿರ್ಣಯಿಸುತ್ತಿತ್ತು. ಈ ಪಟದಲ್ಲಿ ದಾಳವಿಲ್ಲ. ನಡೆಸುವ ಕೈ ನಿಮ್ಮದೇ. ಇಂದು ರಾತ್ರಿಯೇ ಮೀಟರಿನ ಅಂಕಿಯನ್ನು ಬರೆದಿಡಿರಿ.