ಬಂಡೆಯ ಅಕ್ಷರ, ಗೋಡೆಯ ಸರ್ಟಿಫಿಕೇಟ್

ಚಿತ್ರದುರ್ಗದ ಚಂದ್ರವಳ್ಳಿ ಕೆರೆಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುವ ಪುಟ್ಟ ಬರಹ. 1929ರ ಸುಮಾರಿಗೆ ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಅದರಲ್ಲಿ ಅರಸ ಗೆದ್ದ ನಾಡುಗಳ ಪಟ್ಟಿಯನ್ನೇ ಓದಿದರು. ಆಮೇಲಿನ ವಿದ್ವಾಂಸರು ಆ ಓದನ್ನು ಒಪ್ಪಲಿಲ್ಲ. ಕಲ್ಲಿನ ಮೇಲಿನ ಅಕ್ಷರದ್ದೇ ಈ ಪಾಡಾದರೆ, ಜಿಮ್ಮಿನ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ ಸರ್ಟಿಫಿಕೇಟನ್ನು ನಾವು ಓದದೆಯೇ ನಂಬುವುದು ಹೇಗೆ?

ಔಷಧಿ ಅಂಗಡಿ ನಡೆಸಲು ನೋಂದಾಯಿತ ಫಾರ್ಮಸಿಸ್ಟ್ ಬೇಕು. 1948ರಿಂದ ಅದಕ್ಕೊಂದು ಕಾಯ್ದೆಯೇ ಇದೆ. ನನ್ನ ಬೆನ್ನಿನ ಮೇಲೆ ಅರವತ್ತು ಕಿಲೋ ಹೊರಿಸುವ ಟ್ರೈನರ್‌ಗೆ ಅಂಥ ನೋಂದಣಿ ಕಡ್ಡಾಯವಲ್ಲ. ಪಟಿಯಾಲದ ಎನ್‌ಐಎಸ್ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರೂ, ಬಿ.ಪಿ.ಎಡ್. ಓದಿದವರೂ, ಎರಡು ದಿನದ ಶಿಬಿರಕ್ಕೆ ಹೋಗಿ ಬಂದವರೂ ಒಂದೇ ಬಣ್ಣದ ಟೀಶರ್ಟಿನಲ್ಲಿ ನಿಂತಿರುತ್ತಾರೆ. ಹಾಗಾಗಿ ಕಾಗದ ಕೇಳಲೇಬೇಕು: ಕೊಟ್ಟವರು ಯಾರು, ಪರೀಕ್ಷೆ ಇತ್ತೇ, ಎದೆಬಡಿತ ನಿಂತವನಿಗೆ ಸಿಪಿಆರ್ ಮಾಡಲು ಕಲಿಸಿದ್ದಾರೆಯೇ? ಕೇಳಲು ನಮಗೇ ಸಂಕೋಚ. ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಒತ್ತಿ ನೋಡುವವರು ನಾವು.

ದುರ್ಗದ ಕೋಟೆಯೊಳಗೆ ಗರಡಿಮನೆ ಇತ್ತು. ಅಲ್ಲಿಯ ಉಸ್ತಾದನ ಬಳಿ ಯಾವ ಕಾಗದವಿತ್ತು ಎಂದು ಹಿರಿಯರು ವಾದಿಸುತ್ತಾರೆ. ಮಾತು ಅರ್ಧ ಸರಿ. ಗರಡಿಯ ಉಸ್ತಾದನಿಗೆ ಹುಡುಗ ಯಾರ ಮಗ, ಏನು ಉಣ್ಣುತ್ತಾನೆ ಎಂಬುದು ಗೊತ್ತು. ಸಾಮು ತೆಗೆಸುವಾಗ ಹುಡುಗನ ಕೈ ಮುರಿದರೆ ಮಾರನೇ ದಿನ ಸಂತೆಯಲ್ಲಿ ಅವನ ತಾಯಿಗೆ ಮುಖ ತೋರಿಸಬೇಕು. ಊರೇ ಅವನ ಪರೀಕ್ಷಕ. ಆದರೆ ಆ ಕೆಮ್ಮಣ್ಣಿನ ಅಖಾಡಕ್ಕೆ ಹೆಂಗಸರು ಇಳಿಯುತ್ತಿರಲಿಲ್ಲ, ಶುಗರ್ ಬಂದ ಐವತ್ತರ ಗುಮಾಸ್ತನೂ ಇಳಿಯುತ್ತಿರಲಿಲ್ಲ. ಈಗ ಜಿಮ್ಮಿಗೆ ಬರುವವರು ಅವರೇ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ಎಷ್ಟೋ ಜನ ಜಿಮ್ಮನ್ನೇ ದೂರಿದರು. ಅದು ದುಃಖದ ಅವಸರದ ತೀರ್ಪು. ಆದರೆ ಭಾರ ಎತ್ತಿಸುವವನಿಗೆ ಎತ್ತುವವನ ಎದೆಯ ಬಗ್ಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆ ಅಂದು ಮನೆಮನೆಯಲ್ಲೂ ಎದ್ದಿತು.

ನಾನು ಮೊದಲು ಸೇರಿದ ಜಿಮ್ಮಿನಲ್ಲಿ ಯಾರೂ ಏನೂ ಕೇಳಲಿಲ್ಲ. ಇಪ್ಪತ್ತರ ಹುಡುಗನಿಗೆ ಕೊಟ್ಟ ಚಾರ್ಟನ್ನೇ ನನಗೂ ಕೊಟ್ಟರು. ಮೂರನೇ ದಿನ ಮಂಡಿ ಊದಿತು. ನಾಲ್ಕನೇ ದಿನ ಟ್ರೈನರ್ ಪ್ರೋಟೀನ್ ಪುಡಿಯ ಡಬ್ಬಿ ಮುಂದಿಟ್ಟ. ಆ ಡಬ್ಬಿಯಲ್ಲಿ ಅವನಿಗೂ ಪಾಲುಂಟು ಎಂದು ಆಮೇಲೆ ತಿಳಿಯಿತು. ಪಾಪ, ಸಂಬಳ ಕಡಿಮೆ. ಆದರೂ ಮಾರುವವನೇ ಸಲಹೆಗಾರನಾದರೆ ಯಾವುದು ವ್ಯಾಪಾರ, ಯಾವುದು ವಿದ್ಯೆ ಎಂದು ಬೇರ್ಪಡಿಸುವುದು ಕಷ್ಟ. ಮೈಕಟ್ಟನ್ನು ನೋಡಿ ಟ್ರೈನರನ್ನು ಆರಿಸಿದ ತಪ್ಪು ನನ್ನದೇ. ಅವನ ತೋಳು ಅವನಿಗೆ ತಿಳಿದದ್ದನ್ನು ಹೇಳುತ್ತಿತ್ತು, ನನ್ನ ಮಂಡಿಯ ವಿಚಾರ ಅದಕ್ಕೆ ಗೊತ್ತಿರಲಿಲ್ಲ.

ಎರಡನೆಯವನು ಸಣಕಲ. ಸರ್ಟಿಫಿಕೇಟ್ ಕೇಳಿದೆ, ತೋರಿಸಿದ. ಆಮೇಲೆ ಅವನ ಸರದಿ. "ನಿಮ್ಮ ತಂದೆಯವರಿಗೆ ಹಾರ್ಟ್ ತೊಂದರೆ ಇತ್ತಾ ಸಾರ್?" ಇತ್ತು ಅಂದೆ. "ಹಾಗಾದ್ರೆ ಡಾಕ್ಟರಿಗೆ ತೋರಿಸಿ ಇಸಿಜಿ ತಗೊಂಡ್ ಬನ್ನಿ. ಅಲ್ಲೀತಂಕ ಬೆಳಿಗ್ಗೆ ಚಂದ್ರವಳ್ಳಿ ಕಡೆ ನಿಧಾನಕ್ಕೆ ನಡೀರಿ, ಸಾಕು" ಅಂದ. ಫೀಸು ಕೊಡಹೋದರೆ ಆ ದಿನ ತೆಗೆದುಕೊಳ್ಳಲಿಲ್ಲ.