ಬೀದರಿನ ದಾರುಶ್ಶಿಫಾ ಮತ್ತು ನಮ್ಮ ವಕ್ಫ್

ಬೀದರಿಗೆ ಹೋದವರು ಮಹಮೂದ್ ಗವಾನರ ಮದ್ರಸವನ್ನು ನೋಡದೆ ಹಿಂದಿರುಗುವುದಿಲ್ಲ. 1472ರಲ್ಲಿ ಪೂರ್ಣಗೊಂಡ ಆ ವಿದ್ಯಾಲಯದ ಒಂದು ಪಾರ್ಶ್ವ ಕುಸಿದಿದ್ದರೂ ಉಳಿದ ಮಿನಾರ ಮತ್ತು ಬಣ್ಣದ ಹೆಂಚುಗಳ ಮುಂದೆ ನಾವು ಹೆಮ್ಮೆಯಿಂದ ನಿಲ್ಲುತ್ತೇವೆ. ಅದಕ್ಕೂ ಮೊದಲೇ ಅದೇ ಪಟ್ಟಣದಲ್ಲಿ ಒಂದು ದಾರುಶ್ಶಿಫಾ, ಅರ್ಥಾತ್ ಸಾರ್ವಜನಿಕ ಆಸ್ಪತ್ರೆ, ಇತ್ತೆಂಬುದನ್ನು ನೆನೆಯುವವರು ವಿರಳ. 1436ರಿಂದ 1458ರ ವರೆಗೆ ಆಳಿದ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ್ ಬಹಮನಿ ಅದನ್ನು ಸ್ಥಾಪಿಸಿದ್ದನು.

ಈ ಸಂಗತಿಯನ್ನು ನಮಗೆ ತಿಳಿಸಿದವನು ಬಿಜಾಪುರದ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ. ಆತ ಸ್ವತಃ ವೈದ್ಯಶಾಸ್ತ್ರ ಬಲ್ಲವನು, ಭಾರತೀಯ ವೈದ್ಯಪದ್ಧತಿಯ ಕುರಿತು ಫಾರಸಿಯಲ್ಲಿ ಗ್ರಂಥವನ್ನೂ ಬರೆದವನು. ಬಹುಶಃ ಅದಕ್ಕಾಗಿಯೇ ಆತನ ಗಮನ ಗುಮ್ಮಟ, ಕಮಾನುಗಳ ಮೇಲಲ್ಲ, ಆಸ್ಪತ್ರೆ ನಡೆದ ಬಗೆಯ ಮೇಲೆ ನಿಂತಿದೆ. ಸುಲ್ತಾನನು ಕೆಲವು ಗ್ರಾಮಗಳನ್ನೇ ಅದಕ್ಕೆ ವಕ್ಫ್ ಮಾಡಿದನು. ಆ ಗ್ರಾಮಗಳ ಆದಾಯದಿಂದ ರೋಗಿಗಳಿಗೆ ಔಷಧಿ, ಪಾನೀಯ, ಆಹಾರ ಒದಗುತ್ತಿದ್ದವು. ಚಿಕಿತ್ಸೆಗೆ ಮುಸ್ಲಿಮ್ ಮತ್ತು ಹಿಂದೂ ವೈದ್ಯರು ನೇಮಕಗೊಂಡಿದ್ದರು. ಹಕೀಮರೂ ವೈದ್ಯರೂ ಒಂದೇ ಸೂರಿನಡಿ! ದಖ್ಖನಿನ ಮುಸ್ಲಿಮ್ ಆಳ್ವಿಕೆಯನ್ನು ಬರೀ ಖಡ್ಗದ ಕಥೆಯಾಗಿ ಹೇಳುವ ವೇದಿಕೆಗಳಲ್ಲಿ ಈ ನೇಮಕದ ಪ್ರಸ್ತಾಪವೇ ಬರುವುದಿಲ್ಲ. ನಮ್ಮ ವೇದಿಕೆಗಳಲ್ಲೂ ಬರುವುದಿಲ್ಲವೆಂಬುದು ಬೇರೆ ಮಾತು.

ಒಂದೂವರೆ ಶತಮಾನದ ಬಳಿಕ, 1595ರಲ್ಲಿ, ಮುಹಮ್ಮದ್ ಕುಲಿ ಕುತುಬ್ ಶಾಹನು ಹೈದರಾಬಾದಿನಲ್ಲಿ ಕಟ್ಟಿಸಿದ ದಾರುಶ್ಶಿಫಾದ ಹೆಸರು ಇಂದಿಗೂ ಅಲ್ಲಿನ ಒಂದು ಮೊಹಲ್ಲಾಕ್ಕಿದೆ. ಆಸ್ಪತ್ರೆ ಮಾತ್ರ ಇಲ್ಲ.

ನಾವು ಈ ಇತಿಹಾಸವನ್ನು ಕೆದಕುತ್ತಿರುವುದು ಗತವೈಭವದ ಹಾಡಿಗಾಗಿ ಅಲ್ಲ. ಇಂದು ನಮ್ಮ ಪಟ್ಟಣಗಳ ಸಾಧಾರಣ ಕುಟುಂಬವೊಂದರಲ್ಲಿ ಯಾರಾದರೂ ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಮಗಳ ಮದುವೆಗೆಂದು ಕೂಡಿಸಿಟ್ಟ ಚಿನ್ನ ಗಿರವಿಗೆ ಹೋಗುತ್ತದೆ. ಜುಮಾದ ನಂತರ ಮಸೀದಿಯ ಬಾಗಿಲಲ್ಲಿ ವೈದ್ಯರ ಚೀಟಿ ಹಿಡಿದು ನಿಂತವರನ್ನು ನಾವೆಲ್ಲರೂ ಕಂಡಿದ್ದೇವೆ. ಸಮುದಾಯವು ನಿಷ್ಕರುಣಿಯಲ್ಲ. ಕೇಳಿದಾಗ ಕೊಡುತ್ತದೆ, ಕಟ್ಟಡಕ್ಕೆಂದರೆ ಇನ್ನೂ ಧಾರಾಳವಾಗಿ ಕೊಡುತ್ತದೆ. ಶಿಲಾನ್ಯಾಸ, ಉದ್ಘಾಟನೆ, ದಾನಿಗಳ ಹೆಸರಿನ ಅಮೃತಶಿಲೆ ಎಲ್ಲವೂ ಆಗುತ್ತದೆ. ಆದರೆ ಐದನೆಯ ವರ್ಷದಲ್ಲಿ ದಾದಿಯರ ಸಂಬಳ ಎಲ್ಲಿಂದ ಬರಬೇಕೆಂದು ಯಾರೂ ಕೇಳುವುದಿಲ್ಲ.

ಝಕಾತ್‌ನಿಂದ ನಡೆಸಬಹುದಲ್ಲ ಎನ್ನುವವರಿದ್ದಾರೆ. ಹನಫಿ ಫಿಕ್ಹ್‌ನ ಪ್ರಕಾರ ಝಕಾತ್ ಸಂದಾಯವಾಗಲು ತಮ್ಲೀಕ್ ಅಗತ್ಯ, ಅಂದರೆ ಅರ್ಹ ಬಡವನನ್ನು ಆ ಧನದ ಒಡೆಯನನ್ನಾಗಿ ಮಾಡಬೇಕು. ರೋಗಿಯ ಕೈಗೆ ಔಷಧಿಯನ್ನೋ ಹಣವನ್ನೋ ಕೊಡಬಹುದು. ಆದರೆ ಗೋಡೆ ಕಟ್ಟಲಿಕ್ಕೂ ಸಿಬ್ಬಂದಿಯ ವೇತನಕ್ಕೂ ಅದು ಸಲ್ಲದು. ಈ ಕೊರತೆಯನ್ನು ತುಂಬುವುದೇ ವಕ್ಫ್. ಖೈಬರ್‌ನಲ್ಲಿ ತಮಗೆ ದೊರೆತ ಭೂಮಿಯ ಬಗ್ಗೆ ಹಝ್ರತ್ ಉಮರ್(ರ) ಸಲಹೆ ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವ ಮಾರ್ಗವನ್ನು ಪ್ರವಾದಿವರ್ಯರು(ಸ) ತೋರಿಸಿದರು. ಆ ಭೂಮಿಯನ್ನು ಮಾರುವಂತಿರಲಿಲ್ಲ, ಉಡುಗೊರೆ ಕೊಡುವಂತಿರಲಿಲ್ಲ, ಅದು ವಾರೀಸಿಗೂ ಹೋಗುವಂತಿರಲಿಲ್ಲ. ಬೀದರಿನ ಗ್ರಾಮಗಳು ಆಸ್ಪತ್ರೆಯನ್ನು ಪೋಷಿಸಿದ್ದು ಇದೇ ಸೂತ್ರದಲ್ಲಿ.

2025ರ ವಕ್ಫ್ ತಿದ್ದುಪಡಿ ಕಾಯಿದೆಯ ವಿರುದ್ಧ ಸಮುದಾಯವು ಬೀದಿಗಿಳಿಯಿತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅದು ನ್ಯಾಯವೇ. ಆದರೆ ಅದಕ್ಕೂ ಬಹಳ ಮೊದಲು, 2012ರಲ್ಲಿ, ರಾಜ್ಯ ಅಲ್ಪಸಂಖ್ಯಾತರ ಆಯೋಗದ ವರದಿಯೊಂದು ಸುಮಾರು 27 ಸಾವಿರ ಎಕರೆ ವಕ್ಫ್ ಭೂಮಿ ಕೈತಪ್ಪಿದೆಯೆಂದು ಆಪಾದಿಸಿತ್ತು. ಆ ವರದಿಯ ಸುತ್ತಲಿನ ರಾಜಕೀಯ ಏನೇ ಇರಲಿ, ಮಸೀದಿಯ ಮಳಿಗೆಗಳು ಮಾರುಕಟ್ಟೆ ದರದ ಹತ್ತನೆಯ ಒಂದಂಶಕ್ಕೂ ಕಡಿಮೆ ಬಾಡಿಗೆಗೆ ತಮ್ಮವರ ಪಾಲಾದುದನ್ನು ಕಾಣಲು ಯಾವ ವರದಿಯೂ ಬೇಕಿಲ್ಲ. ಆ ಬಾಡಿಗೆದಾರರಲ್ಲಿ ಕೆಲವರು ಮೆರವಣಿಗೆಯ ಮುಂಚೂಣಿಯಲ್ಲಿಯೂ ಇರುತ್ತಾರೆ.

ದೊಡ್ಡ ಆಸ್ಪತ್ರೆಯ ಕನಸನ್ನು ಸದ್ಯ ಬದಿಗಿಡೋಣ. ಎರಡು ಮಳಿಗೆಗಳ ನ್ಯಾಯವಾದ ಬಾಡಿಗೆಯು ಒಂದು ಮೊಹಲ್ಲಾದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಡರೋಗಿಗಳ ಮಾತ್ರೆಗಳಿಗೆ ಬಹುಮಟ್ಟಿಗೆ ಸಾಕಾದೀತು. ಜಮಾಅತಿನ ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಮುತವಲ್ಲಿಯವರನ್ನು ಕೇಳಬೇಕು: ಯಾವ ಮಳಿಗೆ ಯಾರ ಕೈಯಲ್ಲಿದೆ, ಬಾಡಿಗೆ ಎಷ್ಟು, ಅದರಲ್ಲಿ ರೋಗಿಗಳ ಪಾಲು ಎಷ್ಟು?